ಕುಲುಮೆಯ ಬಿಸಿಯಲ್ಲಿ ಲೋಹದ ಆಯುಷ್ಯ: ಗಣಕಯಂತ್ರದ ಮುನ್ಸೂಚನೆ

ಸಂಡೂರಿನ ಗುಡ್ಡಗಳಿಂದ ಅಗೆದು ತೆಗೆಯುವ ಹೆಮಟೈಟ್ ಅದಿರು ಕಬ್ಬಿಣ ಮತ್ತು ಆಮ್ಲಜನಕಗಳ ಸಂಯುಕ್ತ. ಬಳ್ಳಾರಿ ಭಾಗದ ಸ್ಪಾಂಜ್ ಐರನ್ ಘಟಕಗಳು ಸುಮಾರು 1000 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ರೋಟರಿ ಕಿಲ್ನ್‌ಗಳಲ್ಲಿ ಕಲ್ಲಿದ್ದಲಿನ ನೆರವಿನಿಂದ ಆ ಆಮ್ಲಜನಕವನ್ನು ಬೇರ್ಪಡಿಸುತ್ತವೆ. ಆದರೆ ಅದೇ ಕಿಲ್ನ್‌ನ ಗಾಳಿ ಕೊಳವೆಗಳಲ್ಲಿ ಹಾಗೂ ಥರ್ಮೋಕಪಲ್ ಕವಚಗಳಲ್ಲಿ ಇದರ ವಿರುದ್ಧ ಕ್ರಿಯೆ ಸಾಗಿರುತ್ತದೆ. ಅಲ್ಲಿ ಲೋಹವು ಆಮ್ಲಜನಕದೊಡನೆ ಸೇರಿ ಪುನಃ ಅದಿರಿನ ಸ್ಥಿತಿಗೆ ಮರಳುತ್ತದೆ. ಒಂದು ಕೊಳವೆ ಅಕಾಲದಲ್ಲಿ ಕೈಕೊಟ್ಟರೆ ಅದರ ಬೆಲೆಗಿಂತ ಉತ್ಪಾದನೆ ನಿಂತ ದಿನಗಳ ನಷ್ಟವೇ ಹೆಚ್ಚು.

ಒಳಗಿನಿಂದ ಆರಂಭವಾಗುವ ಹಾನಿ

ಶಾಖನಿರೋಧಕ ಉಕ್ಕಿನಲ್ಲಿರುವ ಕ್ರೋಮಿಯಂ ಮೇಲ್ಮೈಗೆ ಬಂದು ತೆಳುವಾದ, ಭದ್ರವಾದ ಆಕ್ಸೈಡ್ ಪದರವನ್ನು ನಿರ್ಮಿಸುತ್ತದೆ. ಕ್ರೋಮಿಯಂ ಸಾಲದಾದಾಗ ಆಮ್ಲಜನಕವೇ ಲೋಹದೊಳಕ್ಕೆ ನುಸುಳಿ ಅಲ್ಲಲ್ಲಿ ಆಕ್ಸೈಡ್ ಕಣಗಳನ್ನು ಉಂಟುಮಾಡುತ್ತದೆ. ಇದನ್ನು ಆಂತರಿಕ ಉತ್ಕರ್ಷಣ ಎನ್ನುತ್ತಾರೆ. ಹೊರನೋಟಕ್ಕೆ ಗಟ್ಟಿಯಾಗಿ ಕಾಣುವ ಭಾಗವು ಒಳಗೆ ಪೆಡಸಾಗಿರುತ್ತದೆ. ಅದಿರನ್ನು ಕಬ್ಬಿಣವಾಗಿಸುವಷ್ಟು ಆಮ್ಲಜನಕ ಕಡಿಮೆಯಿರುವ ಅನಿಲದಲ್ಲಿಯೂ ಕ್ರೋಮಿಯಂ ಉತ್ಕರ್ಷಣಗೊಳ್ಳುತ್ತದೆ. ಏಕೆಂದರೆ ಆಮ್ಲಜನಕದ ಮೇಲೆ ಅದರ ಸೆಳೆತ ಕಬ್ಬಿಣಕ್ಕಿಂತ ಬಹಳ ಪ್ರಬಲ.

ಲೆಕ್ಕಾಚಾರದ ಬಗೆ

ಜರ್ಮನಿಯ ಕಾರ್ಲ್ ವಾಗ್ನರ್ 1933ರಲ್ಲಿ ಆಕ್ಸೈಡ್ ಪದರದ ಬೆಳವಣಿಗೆಗೆ, 1959ರಲ್ಲಿ ಆಂತರಿಕ ಉತ್ಕರ್ಷಣಕ್ಕೆ ಸಿದ್ಧಾಂತ ಒದಗಿಸಿದರು. ಅದರಂತೆ ಭದ್ರವಾದ ಪದರದ ದಪ್ಪ ಎರಡರಷ್ಟಾಗಲು ನಾಲ್ಕರಷ್ಟು ಕಾಲ ಬೇಕು. ಇಂದು ಗಣಕಯಂತ್ರವು ಲೋಹವನ್ನು ನೂರಾರು ತೆಳು ಹಾಳೆಗಳೆಂದು ಭಾವಿಸಿ, ಪ್ರತಿ ಹಾಳೆಗೆ ಎಷ್ಟು ಆಮ್ಲಜನಕ ಬಂತು, ಎಷ್ಟು ಕ್ರೋಮಿಯಂ ಹೊರಹೋಯಿತು, ಆ ಉಷ್ಣತೆಯಲ್ಲಿ ಯಾವ ಆಕ್ಸೈಡ್ ಸ್ಥಿರ ಎಂಬುದನ್ನು ಕ್ಷಣಕ್ಷಣಕ್ಕೂ ಲೆಕ್ಕ ಹಾಕುತ್ತದೆ. ಸ್ಟಾಕ್‌ಹೋಮ್‌ನಲ್ಲಿ 1981ರಲ್ಲಿ ರೂಪುಗೊಂಡ ಥರ್ಮೋ-ಕ್ಯಾಲ್ಕ್‌ನಂತಹ ತಂತ್ರಾಂಶಗಳು ಇದಕ್ಕೆ ಬೇಕಾದ ದತ್ತಾಂಶ ಒದಗಿಸುತ್ತವೆ.

ನಿಲುಗಡೆಯ ನಿಜವಾದ ಬೆಲೆ

ಉದಾಹರಣೆಗೆ, 100 ದಿನಗಳಲ್ಲಿ 0.2 ಮಿ.ಮೀ. ಪದರ ಬೆಳೆಯುತ್ತದೆಂದು ಇಟ್ಟುಕೊಳ್ಳೋಣ. ಕಿಲ್ನ್ ಎಡೆಬಿಡದೆ ನಡೆದರೆ 400 ದಿನಗಳಿಗೆ ಅದು 0.4 ಮಿ.ಮೀ. ಆಗುತ್ತದೆ. ಪ್ರತಿ 100 ದಿನಕ್ಕೊಮ್ಮೆ ಕಿಲ್ನ್ ತಣಿದು ಪದರ ಪೂರ್ತಿ ಉದುರಿದರೆ ಹೊಸ ಪದರ ಮೊದಲಿನಿಂದ ಬೆಳೆಯಬೇಕು. ಆಗ ಒಟ್ಟು 0.8 ಮಿ.ಮೀ., ಅಂದರೆ ಹಾನಿ ಇಮ್ಮಡಿ. ಈ ಕಾರಣದಿಂದಲೇ 304 ದರ್ಜೆಯ ಉಕ್ಕಿಗೆ ಗಾಳಿಯಲ್ಲಿ ನಿರಂತರ ಬಳಕೆಯ ಮಿತಿ ಸುಮಾರು 925 ಡಿಗ್ರಿಯಾದರೆ, ಬಿಟ್ಟು ಬಿಟ್ಟು ಬಳಸುವಾಗ 870 ಡಿಗ್ರಿ ಮಾತ್ರ. ಶೇ. 25ರಷ್ಟು ಕ್ರೋಮಿಯಂ ಇರುವ 310 ದರ್ಜೆಗೆ ಈ ಮಿತಿಗಳು ಕ್ರಮವಾಗಿ 1150 ಮತ್ತು 1035 ಡಿಗ್ರಿ. ಅಗ್ಗದ ದರ್ಜೆಯನ್ನು ಕೊಳ್ಳುವವರು ಈ ಅಂತರವನ್ನು ಗಮನಿಸುವುದು ಒಳಿತು.

ಮಿತಿಗಳೂ ಉಂಟು

ಕಲ್ಲಿದ್ದಲಿನ ಗಂಧಕ, ಲೋಹಕ್ಕೆ ಸೇರುವ ಇಂಗಾಲ, ಬೂದಿಯ ಉಜ್ಜಾಟ ಇವು ಲೆಕ್ಕವನ್ನು ತಪ್ಪಿಸಬಲ್ಲವು. ಆದ್ದರಿಂದ ಮಾದರಿಯ ಫಲಿತಾಂಶವನ್ನು ಬಳಸಿದ ಕೊಳವೆಯ ತುಂಡನ್ನು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿಯೇ ಒಪ್ಪಬೇಕು. ಸಣ್ಣ ಘಟಕಗಳಿಗೆ ದುಬಾರಿ ತಂತ್ರಾಂಶದ ಅಗತ್ಯವಿಲ್ಲ. ಉಷ್ಣತೆ, ನಿಲುಗಡೆಗಳ ಸಂಖ್ಯೆ, ಬಿಡಿಭಾಗ ಬದಲಿಸಿದ ದಿನಾಂಕ, ಪೂರೈಕೆದಾರರ ಪರೀಕ್ಷಾ ಪ್ರಮಾಣಪತ್ರ ಇವಿಷ್ಟನ್ನು ದಾಖಲಿಸಿಟ್ಟರೆ ಮೂಲ ಲೆಕ್ಕವನ್ನು ಕಚೇರಿಯ ಗಣಕಯಂತ್ರದಲ್ಲಿಯೇ ಮಾಡಬಹುದು. ಮುಂದಿನ ಖರೀದಿಯಲ್ಲಿ ಬೆಲೆಯನ್ನು ಕಿಲೋಗ್ರಾಮಿಗೆ ಬದಲಾಗಿ ದುಡಿದ ದಿನಕ್ಕೆ ಹೋಲಿಸಿ ನೋಡಲು ಆ ದಾಖಲೆಯೇ ಆಧಾರವಾಗುತ್ತದೆ.