ಹೇಳಿದ್ದು ಹೊರಗೆ, ಹೇಳಿದವರು ಒಳಗೆ



ಹಿಂದೊಮ್ಮೆ ನಮ್ಮೂರಿನ ಕನ್ನಡ ಬಳಗದಲ್ಲಿ ನಿಮ್ಮ ವಯಸ್ಸಿನವರೇ ಸೇರಿ ಒಂದು ಮಾತುಕತೆ ಇಟ್ಟುಕೊಂಡಿದ್ದರು. ವಿಷಯ ಯುಕ್ರೇನ್ ಯುದ್ಧ ಮತ್ತು ಭಾರತ. ಸಭೆ ನಡೆಸುವ ಹೊಣೆ ನನ್ನದು. ಹತ್ತೊಂಬತ್ತರ ಹುಡುಗಿಯೊಬ್ಬಳು ಎದ್ದು, ಸ್ವಲ್ಪ ತಡವರಿಸುತ್ತ, ಒಳ್ಳೆಯ ಪ್ರಶ್ನೆಯನ್ನೇ ಕೇಳಿದಳು. ಯಾರೋ ಅದರ ಅರ್ಧ ಭಾಗವನ್ನು ಫೋನಿನಲ್ಲಿ ಹಿಡಿದು ವಾಟ್ಸಾಪ್‌ಗೆ ಹಾಕಿದರು. ಮರುದಿನ ಅದು ದಾವಣಗೆರೆಯಲ್ಲಿದ್ದ ಅವಳ ಅಜ್ಜಿಯ ಫೋನಿಗೂ ಮುಟ್ಟಿತ್ತು. "ನಿಮ್ಮ ಹುಡುಗಿ ದೇಶದ ವಿರುದ್ಧ ಮಾತಾಡ್ತಾಳಂತೆ" ಎಂದು ನೆಂಟರಿಂದ ಮಾತು ಬಂತು. ಆಮೇಲೆ ಅವಳು ನಮ್ಮ ಸಭೆಗಳಿಗೆ ಬರುವುದನ್ನೇ ಬಿಟ್ಟಳು.

ತಪ್ಪು ಅವಳದಲ್ಲ. ಸಭೆಯ ಮೊದಲು ಹೇಳಬೇಕಾದ ಒಂದು ಮಾತನ್ನು ನಾನು ಹೇಳಿರಲಿಲ್ಲ. ಆ ಮಾತು ಹುಟ್ಟಿದ್ದು ನಾವಿರುವ ಇದೇ ದೇಶದಲ್ಲಿ.

1919ರಲ್ಲಿ, ಮೊದಲ ಮಹಾಯುದ್ಧ ಮುಗಿದು ಪ್ಯಾರಿಸ್‌ನಲ್ಲಿ ಶಾಂತಿ ಸಮ್ಮೇಳನ ನಡೆಯುತ್ತಿತ್ತು. ಅಲ್ಲಿಗೆ ಹೋಗಿದ್ದ ಕೆಲವು ಬ್ರಿಟಿಷ್ ಮತ್ತು ಅಮೆರಿಕನ್ ಪ್ರತಿನಿಧಿಗಳಿಗೆ ಒಂದು ವಿಷಯ ಅರಿವಾಯಿತು. ದೇಶದೇಶಗಳ ನಡುವಿನ ವ್ಯವಹಾರವನ್ನು ಸರ್ಕಾರಗಳಷ್ಟೇ ಮಾತಾಡಿಕೊಂಡರೆ ಸಾಲದು, ಅದನ್ನು ಹೊರಗಿನವರೂ ಕೂತು ಅಧ್ಯಯನ ಮಾಡಬೇಕು. ಹಾಗೆ 1920ರಲ್ಲಿ ಲಂಡನ್ನಿನಲ್ಲಿ ಒಂದು ಸಂಸ್ಥೆ ಶುರುವಾಯಿತು. ಸೇಂಟ್ ಜೇಮ್ಸ್ ಸ್ಕ್ವೇರ್‌ನ 10ನೇ ನಂಬರಿನ ಮನೆ ಅದರದ್ದಾದ ಮೇಲೆ ಎಲ್ಲರೂ ಅದನ್ನು ಚಾಟಮ್ ಹೌಸ್ ಎಂದೇ ಕರೆಯುತ್ತಾರೆ. 1931ರ ಅಕ್ಟೋಬರ್‌ನಲ್ಲಿ, ದುಂಡುಮೇಜಿನ ಪರಿಷತ್ತಿಗೆ ಬಂದಿದ್ದ ಗಾಂಧೀಜಿ ಭಾರತದ ಭವಿಷ್ಯದ ಬಗ್ಗೆ ಮಾತಾಡಿದ್ದು ಈ ಸಂಸ್ಥೆಯ ವೇದಿಕೆಯಲ್ಲೇ.

ಅಧಿಕಾರದಲ್ಲಿರುವವರು ಇಂಥ ಸಭೆಗೆ ಬಂದರೂ ಮನಸ್ಸು ಬಿಚ್ಚಿ ಮಾತಾಡುವುದಿಲ್ಲ. ನಾಳೆ ಪತ್ರಿಕೆಯಲ್ಲಿ ಹೆಸರು ಬಂದೀತು ಎಂಬ ಭಯ. ಅದಕ್ಕೇ 1927ರಲ್ಲಿ ಒಂದು ನಿಯಮ ಮಾಡಿದರು. ಅದಕ್ಕೆ ಕೊನೆಯ ತಿದ್ದುಪಡಿ ಆದದ್ದು 2002ರಲ್ಲಿ. ಅದರ ಸಾರ ಇಷ್ಟೇ: ಸಭೆಯಲ್ಲಿ ಕೇಳಿದ ವಿಷಯವನ್ನು ನೀವು ಹೊರಗೆ ಬಳಸಬಹುದು. ಆದರೆ ಅದನ್ನು ಯಾರು ಹೇಳಿದರು, ಅವರು ಯಾವ ಸಂಸ್ಥೆಯವರು, ಸಭೆಯಲ್ಲಿ ಬೇರೆ ಯಾರಿದ್ದರು ಎಂಬುದನ್ನು ಹೇಳುವಂತಿಲ್ಲ.

ಇದನ್ನು 'ಗುಟ್ಟಿನ ಸಭೆ' ಎಂದು ತಿಳಿಯುವವರೇ ಹೆಚ್ಚು. ಹಾಗಲ್ಲ. ವಿಚಾರ ಊರೆಲ್ಲ ಓಡಾಡಲಿ, ಮನುಷ್ಯ ಮಾತ್ರ ಸುರಕ್ಷಿತವಾಗಿರಲಿ ಎಂಬುದು ಇದರ ಉದ್ದೇಶ. ಚಾಟಮ್ ಹೌಸ್‌ನ ಎಲ್ಲ ಸಭೆಗಳೂ ಈ ನಿಯಮದಡಿ ನಡೆಯುವುದಿಲ್ಲ. ಎಷ್ಟೋ ಭಾಷಣಗಳು ಬಹಿರಂಗವಾಗಿಯೇ ನಡೆಯುತ್ತವೆ. ನಿಯಮ ಇದೆಯೋ ಇಲ್ಲವೋ ಎಂದು ಮೊದಲೇ ಹೇಳುವುದು ಮುಖ್ಯ.

ನಮ್ಮಂಥ ಸಣ್ಣ ಸಮುದಾಯದಲ್ಲಿ ಇನ್ನೊಂದು ಎಚ್ಚರವೂ ಬೇಕು. "ಮಣಿಪಾಲದಲ್ಲಿ ಓದಿದ ಡಾಕ್ಟರ್ ಒಬ್ಬರು ಹೀಗಂದರು" ಎಂದರೆ ಸಾಕು, ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ. ಹೆಸರು ಹೇಳದೆಯೂ ನಿಯಮ ಮುರಿದ ಹಾಗೇ ಆಯಿತು. ಇದು ಕಾನೂನೇನಲ್ಲ, ಪೊಲೀಸರು ಬರುವುದಿಲ್ಲ. ಇದು ನಿಂತಿರುವುದು ಒಬ್ಬರಿಗೊಬ್ಬರು ಕೊಟ್ಟ ಮಾತಿನ ಮೇಲೆ.

ಹಾಗಾದರೆ ನೀವೊಂದು ಸಭೆ ಮಾಡುವುದು ಹೇಗೆ?

ಮೊದಲು, ವಿಷಯ ಬೇಡ, ಪ್ರಶ್ನೆ ಇಡಿ. 'ಯುಕ್ರೇನ್ ಯುದ್ಧ' ಎಂದರೆ ಎಲ್ಲರೂ ತಮಗೆ ತೋಚಿದ್ದನ್ನು ಮಾತಾಡುತ್ತಾರೆ. '2022ರ ನಂತರ ಭಾರತ ರಷ್ಯಾದ ತೈಲವನ್ನು ಅಷ್ಟು ಹೆಚ್ಚು ಕೊಂಡಿದ್ದು ಏಕೆ? ಅದರಿಂದ ಯಾರಿಗೆ ಲಾಭ, ಯಾರಿಗೆ ನಷ್ಟ?' ಎಂದು ಕೇಳಿ. ಆಗ ಅಂಕಿಅಂಶ ಓದಿಕೊಂಡು ಬರಲೇಬೇಕಾಗುತ್ತದೆ.

ಎರಡನೆಯದು, ಸಮಯ. ಅತಿಥಿಗೆ ಇಪ್ಪತ್ತೈದು ನಿಮಿಷ ಕೊಟ್ಟರೆ ಪ್ರಶ್ನೆಗಳಿಗೂ ಅಷ್ಟೇ ಇಡಿ. ಮೊದಲ ಪ್ರಶ್ನೆ ಸಭೆಯಲ್ಲೇ ಕಿರಿಯರದ್ದಾಗಲಿ. ದೊಡ್ಡವರು ಶುರು ಮಾಡಿದರೆ ಅದು ಪ್ರಶ್ನೆಯಾಗಿ ಉಳಿಯುವುದಿಲ್ಲ, ಇನ್ನೊಂದು ಭಾಷಣವಾಗುತ್ತದೆ!

ಮೂರನೆಯದು, ನಿಮ್ಮ ಬಳಗ ಇಲ್ಲಿ ಚಾರಿಟಿಯಾಗಿ ನೋಂದಣಿಯಾಗಿದ್ದರೆ ಯಾವುದೇ ರಾಜಕೀಯ ಪಕ್ಷದ ಪರವಾಗಿ ನಿಲ್ಲುವಂತಿಲ್ಲ. ಚರ್ಚೆ ಮಾಡಬಹುದು, ಪ್ರಚಾರ ಮಾಡುವಂತಿಲ್ಲ.

ನಾಲ್ಕನೆಯದು, ಸಭೆಯನ್ನು ಎರಡು ಭಾಗ ಮಾಡಿ. ಅತಿಥಿಯ ಮಾತು ಅವರ ಒಪ್ಪಿಗೆಯಿಂದ ರೇಡಿಯೋಗೆ ರೆಕಾರ್ಡ್ ಆಗಲಿ. ಪ್ರಶ್ನೋತ್ತರ ಶುರುವಾಗುವಾಗ ಮೈಕ್‌ನಲ್ಲಿ ಹೇಳಿ: "ಈಗ ರೆಕಾರ್ಡಿಂಗ್ ನಿಂತಿದೆ. ಫೋನ್ ಜೇಬಿನಲ್ಲಿರಲಿ. ಕೇಳಿದ್ದನ್ನು ಹೇಳಿ, ಯಾರು ಅಂದರೆಂದು ಹೇಳಬೇಡಿ."

ಇದೆಲ್ಲ ಇಂಗ್ಲಿಷರ ಶಿಸ್ತು, ನಮಗೇಕೆ ಎನ್ನಬೇಡಿ. 1945ರಲ್ಲಿ ಡಿ.ವಿ. ಗುಂಡಪ್ಪನವರು ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. ಅದೇ ವರ್ಷ ಬಸವನಗುಡಿಯಲ್ಲಿ ಬಿ.ಪಿ. ವಾಡಿಯಾ ಮತ್ತು ಸೋಫಿಯಾ ವಾಡಿಯಾ ದಂಪತಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಶುರು ಮಾಡಿದರು. ಸಾಮಾನ್ಯ ಜನ ಸಂಜೆ ಬಂದು ಬೆಂಚಿನ ಮೇಲೆ ಕೂತು ನಾಡಿನ, ಲೋಕದ ವಿಚಾರ ಕೇಳುವ ಜಾಗಗಳು ಇವು. ನಿಮ್ಮ ತಾತ ಬೆಂಗಳೂರಿನವರಾದರೆ ಕೇಳಿ ನೋಡಿ, ಅಲ್ಲಿ ಒಮ್ಮೆಯಾದರೂ ಕೂತಿರಬಹುದು.

ಮುಂದಿನ ತಿಂಗಳು ಮತ್ತೆ ಒಂದು ಮಾತುಕತೆ ಇಟ್ಟಿದ್ದೇವೆ. ಆ ಹುಡುಗಿಗೆ ನಾನೇ ಫೋನ್ ಮಾಡಿ ಕ್ಷಮೆ ಕೇಳಿ ಕರೆದೆ. ಬರುತ್ತೇನೆಂದು ಅವಳು ಹೇಳಲಿಲ್ಲ. "ಅಂಕಲ್, ಪ್ರಶ್ನೆ ಕೇಳೋದನ್ನೂ ರೆಕಾರ್ಡ್ ಮಾಡ್ತೀರಾ?" ಎಂದಷ್ಟೇ ಕೇಳಿದಳು. ಇಲ್ಲ ಎಂದು ಮಾತು ಕೊಟ್ಟಿದ್ದೇನೆ. ಅದನ್ನು ಉಳಿಸಿಕೊಳ್ಳಲು ನೀವೂ ಬನ್ನಿ, ಫೋನ್ ಜೇಬಿನಲ್ಲಿಟ್ಟುಕೊಂಡು.