ಜೇಮ್ಸ್ ಬಾಂಡ್ ಕರ್ತೃವಿನ ಬಾಸ್ ಮತ್ತು ಬಾಂಬೆ ನಾವಿಕರ ಬಂಡಾಯ

ವಡಾಲದಿಂದ ಹಾರ್ಬರ್ ಲೈನ್‌ನಲ್ಲಿ ಸಿಎಸ್‌ಎಂಟಿ ಕಡೆ ಹೋಗೋವಾಗ ಶಿವಡಿ, ಕಾಟನ್ ಗ್ರೀನ್, ಡಾಕ್‌ಯಾರ್ಡ್ ರೋಡ್ ದಾಟ್ತೀರಲ್ಲ, ಆ ಬಂದರಿನ ನೀರಲ್ಲೇ 1946ರಲ್ಲಿ ಒಬ್ಬ ಬ್ರಿಟಿಷ್ ನೌಕಾ ಸೇನಾನಿಯ ಕೊನೆಯ ದೊಡ್ಡ ಪರೀಕ್ಷೆ ನಡೀತು. ಹೆಸರು ಜಾನ್ ಹೆನ್ರಿ ಗಾಡ್‌ಫ್ರೆ.

ಹುಟ್ಟಿದ್ದು 1888ರಲ್ಲಿ. ಹುಡುಗನಾಗಿದ್ದಾಗಲೇ ನೌಕಾಪಡೆ ಸೇರಿದರು. ಮೊದಲ ಮಹಾಯುದ್ಧದಲ್ಲಿ ಗಲ್ಲಿಪೋಲಿ ದಾಳಿಯ ಹೊತ್ತಿಗೆ ಯೂರಿಯಾಲಸ್ ಹಡಗಿನಲ್ಲಿ ದಾರಿ ಲೆಕ್ಕ ಹಾಕೋ ಅಧಿಕಾರಿ. 1936ರಿಂದ ರಿಪಲ್ಸ್ ಯುದ್ಧನೌಕೆಯ ಕ್ಯಾಪ್ಟನ್. 1939ರಲ್ಲಿ ನೌಕಾ ಗುಪ್ತಚರ ವಿಭಾಗದ ಮುಖ್ಯಸ್ಥ.

ಅಲ್ಲಿ ಅವರು ಸಹಾಯಕನಾಗಿ ತಗೊಂಡಿದ್ದು ಇಯಾನ್ ಫ್ಲೆಮಿಂಗ್ ಅನ್ನೋ ಯುವಕನನ್ನ. ಮುಂದೆ ಜೇಮ್ಸ್ ಬಾಂಡ್ ಬರೆದದ್ದು ಇವರೇ. ಬಾಂಡ್‌ನ ಬಾಸ್ 'ಎಂ' ಪಾತ್ರಕ್ಕೆ ಗಾಡ್‌ಫ್ರೆ ಒಂದು ಮಾದರಿ ಅಂತಾರೆ. ಶತ್ರುವನ್ನ ಯಾಮಾರಿಸೋ ಉಪಾಯಗಳ ಪಟ್ಟಿಯೊಂದು 1939ರಲ್ಲಿ ಇವರ ಹೆಸರಲ್ಲೇ ಹೊರಟಿತ್ತು. ಹೆಣದ ಜೊತೆ ಸುಳ್ಳು ಕಾಗದ ಇಟ್ಟು ಶತ್ರುವಿನ ಕೈಗೆ ಸಿಗೋ ಹಾಗೆ ಮಾಡೋದು ಅದರಲ್ಲೊಂದು. 1943ರಲ್ಲಿ ಸ್ಪೇನ್ ತೀರದಲ್ಲಿ ಅದನ್ನ ನಿಜವಾಗ್ಲೂ ಮಾಡಿದರು.

ಆದ್ರೆ ಅಷ್ಟರಲ್ಲಿ ಗಾಡ್‌ಫ್ರೆ ಆ ಕುರ್ಚಿಯಲ್ಲಿರಲಿಲ್ಲ. ತಲೆ ಚುರುಕು, ಜೊತೆಗಾರರ ಜೊತೆ ಹೊಂದಾಣಿಕೆ ಕಷ್ಟ. 1942ರಲ್ಲಿ ತೆಗೆದುಹಾಕಿ, ರಾಯಲ್ ಇಂಡಿಯನ್ ನೇವಿಯ ಮುಖ್ಯಸ್ಥರನ್ನಾಗಿ ಇಂಡಿಯಾಕ್ಕೆ ಕಳಿಸಿದರು.

ಈ ಪಡೆಯ ಪರಿಸ್ಥಿತಿ ನೋಡಿ. ಯುದ್ಧಕ್ಕೆ ಮುಂಚೆ ಎರಡು ಸಾವಿರಕ್ಕೂ ಕಡಿಮೆ ಜನ. ಯುದ್ಧ ಮುಗಿಯೋ ಹೊತ್ತಿಗೆ ಸುಮಾರು 30 ಸಾವಿರ. ಕೆಟ್ಟ ಊಟ, ಬ್ರಿಟಿಷ್ ನಾವಿಕರಿಗಿಂತ ಕಡಿಮೆ ಸಂಬಳ, ಮೇಲಧಿಕಾರಿಗಳ ಬೈಗುಳ, ಮೇಲಿಂದ ನಾಳೆ ಕೆಲಸ ಹೋಗೋ ಭಯ.

ಫೆಬ್ರವರಿ 18, 1946. ಕೊಲಾಬಾದ 'ತಲ್ವಾರ್' ತರಬೇತಿ ಕೇಂದ್ರದ ನಾವಿಕರು ಊಟ ಬಿಟ್ಟರು, ಕೆಲಸ ನಿಲ್ಲಿಸಿದರು. ಇಲ್ಲೊಂದು ವಿಷಯ ಗಮನಿಸಿ: ತಲ್ವಾರ್ ಅಂದ್ರೆ ಸಿಗ್ನಲ್ ಶಾಲೆ. ಇವತ್ತಿನ ಭಾಷೆಯಲ್ಲಿ ನೆಟ್‌ವರ್ಕ್ ನೋಡ್ಕೊಳ್ಳೋ ಹುಡುಗರು. ವೈರ್‌ಲೆಸ್ ಅವರ ಕೈಯಲ್ಲೇ ಇತ್ತು, ಸುದ್ದಿ ಕರಾಚಿವರೆಗೂ ಹಬ್ಬಿತು. 78 ಹಡಗು, ಸುಮಾರು 20 ಸಾವಿರ ನಾವಿಕರು. ಕಾಂಗ್ರೆಸ್, ಲೀಗ್ ಮತ್ತು ಕೆಂಪು ಬಾವುಟ ಒಟ್ಟಿಗೇ ಹಾರಿದವು.

21ಕ್ಕೆ ಗಾಡ್‌ಫ್ರೆ ರೇಡಿಯೋದಲ್ಲಿ ಮಾತಾಡಿದರು. ಶರಣಾಗದಿದ್ರೆ ಇಡೀ ನೌಕಾಪಡೆ ನಾಶವಾದರೂ ಸರಿ, ಪೂರ್ತಿ ಬಲ ಬಳಸ್ತೀವಿ ಅನ್ನೋ ಅರ್ಥದ ಬೆದರಿಕೆ. ಮರುದಿನ ಗಿರಣಿ ಕಾರ್ಮಿಕರೂ ಬೀದಿಗಿಳಿದರು. ಬಾಂಬೆಯಲ್ಲಿ ಗುಂಡಿಗೆ 200ಕ್ಕೂ ಹೆಚ್ಚು ಜನ ಸತ್ತರು. ಸರ್ದಾರ್ ಪಟೇಲರ ಸಲಹೆಯಂತೆ 23ಕ್ಕೆ ನಾವಿಕರು ಶರಣಾದರು. ನೂರಾರು ಜನ ಕೆಲಸ ಕಳ್ಕೊಂಡರು, ಸ್ವಾತಂತ್ರ್ಯ ಬಂದ ಮೇಲೂ ಅವರನ್ನ ವಾಪಸ್ ತಗೊಳ್ಳಲಿಲ್ಲ.

ಗಾಡ್‌ಫ್ರೆ ಅದೇ ವರ್ಷ ಹುದ್ದೆ ಬಿಟ್ಟರು. ಅವರ ದರ್ಜೆಯ ಅಧಿಕಾರಿಗಳಲ್ಲಿ ಎರಡನೇ ಯುದ್ಧದ ಸೇವೆಗೆ ಯಾವ ಗೌರವವೂ ಸಿಗದೇ ಹೋದವರು ಇವರೊಬ್ಬರೇ ಅಂತಾರೆ.

ಜರ್ಮನಿಯ ಗುಟ್ಟು ಹುಡುಕೋದೇ ಕೆಲಸ ಆಗಿದ್ದ ಮನುಷ್ಯನ ಪಡೆಯಲ್ಲೇ, ತಟ್ಟೆಯಲ್ಲಿದ್ದ ಊಟದ ದೂರು ಸಮಯಕ್ಕೆ ಮೇಲಕ್ಕೆ ಮುಟ್ಟಲಿಲ್ಲ. ಮಾಹಿತಿ ಸಂಗ್ರಹಿಸೋದು ಬೇರೆ, ಕೆಳಗಿನವರ ಮಾತು ಕೇಳಿಸ್ಕೊಳ್ಳೋದು ಬೇರೆ. ಟೀಮ್ ನಡೆಸೋರು ಇದನ್ನ ನೆನಪಿಟ್ಕೊಳ್ಳಿ. ಕೊಲಾಬಾದಲ್ಲಿ ಈ ಬಂಡಾಯದ ಸ್ಮಾರಕ ಇದೆ, ರಜೆ ದಿನ ಒಮ್ಮೆ ನೋಡ್ಕೊಂಡು ಬನ್ನಿ. ಮುಂದಿನ ಮಾತಿನಲ್ಲಿ ಸಿಗೋಣ.