ಬೆಕ್ಕಿನ ಆಹಾರ ವಿಚಾರ

ಅಮರಕೋಶದಲ್ಲಿ ಬೆಕ್ಕಿಗೆ ಹೇಳಿರುವ ಹೆಸರುಗಳಲ್ಲಿ ‘ಮಾರ್ಜಾರ’ ಎಂಬುದು ಎಲ್ಲರಿಗೂ ಪರಿಚಿತವಾದುದು. ಮೈಯನ್ನು ಸದಾ ನೆಕ್ಕಿ ಶುಚಿಮಾಡಿಕೊಳ್ಳುವ ಪ್ರಾಣಿಯೆಂದು ಅದಕ್ಕೆ ಅರ್ಥವನ್ನು ಹೇಳುವರು. ಅದೇ ಕೋಶದಲ್ಲಿ ಇನ್ನೊಂದು ಹೆಸರುಂಟು: ‘ಆಖುಭುಕ್’, ಎಂದರೆ ಇಲಿಯನ್ನು ತಿನ್ನುವುದು. ಬೆಕ್ಕನ್ನು ಸಾಕುವ ಗೃಹಸ್ಥರು ಮೊದಲನೆಯ ಹೆಸರನ್ನು ಮೆಚ್ಚಿಕೊಂಡು ಎರಡನೆಯದನ್ನು ಮರೆಯುತ್ತಾರೆ. ಅದರ ಆಹಾರದ ವಿಚಾರವಾದರೋ ಈ ಎರಡನೆಯ ಹೆಸರಿನಲ್ಲಿಯೇ ಅಡಗಿದೆ.

ನಮ್ಮ ನಾಡಿನ ಅನೇಕ ಮನೆಗಳಲ್ಲಿ ಬೆಕ್ಕಿಗೆ ಹಾಲನ್ನವೇ ಊಟ. ಹಿಂದೆ ಇದರಿಂದ ಹೆಚ್ಚಿನ ಬಾಧಕವಿರಲಿಲ್ಲ. ಅಟ್ಟ, ಕಣಜ, ಹಿತ್ತಲುಗಳಲ್ಲಿ ಅದು ತನಗೆ ಬೇಕಾದುದನ್ನು ತಾನೇ ಹಿಡಿದು ತಿನ್ನುತ್ತಿದ್ದಿತು. ಈಗ ಪಟ್ಟಣದಲ್ಲಿ ಮೂರನೆಯ ಅಂತಸ್ತಿನ ಮನೆಯೊಳಗೆ ಬಾಗಿಲು ಮುಚ್ಚಿ ಸಾಕಿದ ಬೆಕ್ಕಿಗೆ ಇಲಿಯೆಲ್ಲಿಂದ ಬರಬೇಕು? ನಾವು ಬಟ್ಟಲಿಗೆ ಹಾಕಿದುದಷ್ಟೇ ಅದರ ಪಾಲು.

ನಾಯಿಯು ಅನ್ನ ರೊಟ್ಟಿಗಳಿಗೆ ಬಹುಮಟ್ಟಿಗೆ ಹೊಂದಿಕೊಳ್ಳಬಲ್ಲುದು. ಬೆಕ್ಕಿಗೆ ಆ ಶಕ್ತಿಯಿಲ್ಲ. ಟಾರಿನ್ ಎಂಬ ದ್ರವ್ಯವನ್ನು ಅದರ ದೇಹವು ಸಾಕಷ್ಟು ತಯಾರಿಸಿಕೊಳ್ಳಲಾರದು. ಅದು ಮಾಂಸದಲ್ಲಿಯೂ ಮೀನಿನಲ್ಲಿಯೂ ದೊರೆಯತಕ್ಕದ್ದು. ಅನ್ನದಲ್ಲಿಲ್ಲ, ಹಾಲಿನಲ್ಲಿರುವುದು ಅತ್ಯಲ್ಪ. ಟಾರಿನ್ನಿನ ಕೊರತೆಯಿಂದ ಬೆಕ್ಕಿನ ಅಕ್ಷಿಪಟಲವು ನಶಿಸುವುದೆಂದು 1975ರಲ್ಲಿಯೂ, ಹೃದಯವು ಹಿಗ್ಗಿ ದುರ್ಬಲವಾಗುವುದೆಂದು 1987ರಲ್ಲಿಯೂ ಅಮೆರಿಕದ ವಿಜ್ಞಾನಿಗಳು ಪ್ರಕಟಿಸಿದರು. ಹೃದ್ರೋಗಕ್ಕೆ ಗುರಿಯಾದ ಆ ಬೆಕ್ಕುಗಳು ತಿನ್ನುತ್ತಿದ್ದುದು ಅಂಗಡಿಯಲ್ಲಿ ಮಾರುವ ಆಹಾರವನ್ನೇ ಎಂಬುದು ಗಮನಾರ್ಹ. ಟಾರಿನ್ ಕೊಟ್ಟ ಮೇಲೆ ಅವುಗಳಲ್ಲಿ ಹಲವು ಚೇತರಿಸಿಕೊಂಡವು. ತಯಾರಕರೂ ಬಳಿಕ ಅದರ ಪ್ರಮಾಣವನ್ನು ಹೆಚ್ಚಿಸಿದರು. ಕಣ್ಣಿಗಾದ ಹಾನಿ ಮಾತ್ರ ಮರಳಿ ಸರಿಯಾಗತಕ್ಕದ್ದಲ್ಲ.

ಇನ್ನು ನೀರಿನ ಮಾತು. ಮನೆಯ ಬೆಕ್ಕು ಉತ್ತರ ಆಫ್ರಿಕ, ಪಶ್ಚಿಮ ಏಷ್ಯಗಳ ಒಣನಾಡಿನ ಕಾಡುಬೆಕ್ಕಿನ ಸಂತತಿ. ಅದಕ್ಕೆ ಬಾಯಾರಿಕೆ ಕಡಿಮೆ. ಬೇಟೆಯ ದೇಹದಿಂದಲೇ ಹೆಚ್ಚು ನೀರನ್ನು ಪಡೆಯುವುದು ಅದರ ಸಹಜಕ್ರಮ. ಒಣ ಕಾಳಿನಂತಹ ಆಹಾರದಲ್ಲಿ 100ಕ್ಕೆ ಸುಮಾರು 10 ಪಾಲು ನೀರಿದ್ದರೆ, ಅಂಗಡಿಯವರು ‘ವೆಟ್ ಫುಡ್’ ಎನ್ನುವ ಹಸಿ ಆಹಾರದಲ್ಲಿ 75ರಿಂದ 80 ಪಾಲಿನವರೆಗೂ ಇರುವುದು. ಇದರಿಂದ ಮೂತ್ರವು ತಿಳಿಯಾಗುವುದು. ಗಂಡುಬೆಕ್ಕಿಗೆ ಮೂತ್ರ ಕಟ್ಟಿಕೊಂಡರೆ ಒಂದೆರಡು ದಿನಗಳಲ್ಲಿ ಪ್ರಾಣಾಪಾಯ ಸಂಭವಿಸುವುದರಿಂದ ಈ ಗುಣವನ್ನು ಅಲ್ಪವೆಂದೆಣಿಸಕೂಡದು.

ಹಸಿ ಆಹಾರವನ್ನು ಆರಿಸುವವರು ಪೊಟ್ಟಣದ ಮುಂಭಾಗದ ಚಿತ್ರಕ್ಕೆ ಮರುಳಾಗದೆ ಹಿಂಭಾಗವನ್ನು ಓದಬೇಕು. ಮೊದಲು ನೋಡತಕ್ಕದ್ದು ‘ಕಂಪ್ಲೀಟ್’ ಎಂಬ ಮಾತನ್ನು. ನಿತ್ಯದ ಊಟಕ್ಕೆ ಅದೊಂದೇ ಸಾಕೆಂದು ಅದರ ಭಾವ. ‘ಕಾಂಪ್ಲಿಮೆಂಟರಿ’ ಎಂದಿದ್ದರೆ ಅದು ವ್ಯಂಜನವೇ ಹೊರತು ಊಟವಲ್ಲ. ಎರಡು ಮಾತುಗಳೂ ನೋಟಕ್ಕೆ ಅಣ್ಣತಮ್ಮಂದಿರಂತಿರುವುದರಿಂದ ಕನ್ನಡಕ ಹಾಕಿಕೊಂಡು ಓದುವುದು ಲೇಸು. ಮರಿಗೋ, ದೊಡ್ಡ ಬೆಕ್ಕಿಗೋ ಎಂಬುದನ್ನೂ ನೋಡಬೇಕು. ಹೆಸರಿನಲ್ಲಿ ‘ವಿತ್ ಟ್ಯೂನಾ’ ಎಂದಿದ್ದ ಮಾತ್ರಕ್ಕೆ ಒಳಗಿರುವುದೆಲ್ಲ ಆ ಮೀನೇ ಅಲ್ಲ. ಅಮೆರಿಕದ ನಿಯಮದಂತೆ 100ರಲ್ಲಿ 3 ಪಾಲಿದ್ದರೂ ಹಾಗೆ ಬರೆಯಬಹುದು. ಪದಾರ್ಥಗಳ ಪಟ್ಟಿಯಲ್ಲಿ ಕೋಳಿ, ಮೀನು ಮೊದಲಾಗಿ ಹೆಸರಿಟ್ಟು ಹೇಳಿದ ಮಾಂಸವು ಆದಿಯಲ್ಲಿರಲಿ. ಯಕೃತ್ತು, ಹೃದಯ ಎಂದಿದ್ದರೆ ಹೇಸಬೇಕಾದುದಿಲ್ಲ; ಬೆಕ್ಕಿಗೆ ಅವು ಪುಷ್ಟಿಕರ.

ಪ್ರೋಟೀನಿನ ಅಂಕಿಯನ್ನು ನೋಡಿ ಕೆಲವರು ಮೋಸಹೋಗುವರು. ಹಸಿ ಪೊಟ್ಟಣದಲ್ಲಿ 9, ಒಣ ಕಾಳಿನಲ್ಲಿ 30 ಎಂದಿದ್ದರೆ ಎರಡನೆಯದೇ ಶ್ರೇಷ್ಠವೆಂದು ತೋರುವುದು ಸಹಜ. ನೀರನ್ನು ಕಳೆದು ಲೆಕ್ಕ ಹಾಕೋಣ. ಹಸಿಯದರಲ್ಲಿ ನೀರು 80 ಹೋದರೆ ಉಳಿದ 20ರಲ್ಲಿ ಪ್ರೋಟೀನು 9. ಎಂದರೆ 100ಕ್ಕೆ 45. ಒಣಗಿದುದರಲ್ಲಿ ನೀರು 10 ಹೋದರೆ ಉಳಿದ 90ರಲ್ಲಿ 30. ಎಂದರೆ 100ಕ್ಕೆ ಸುಮಾರು 33. ಹೀಗೆ ನೀರು ಕಳೆದ ಲೆಕ್ಕದಲ್ಲಿ ದೊಡ್ಡ ಬೆಕ್ಕಿಗೆ 26, ಮರಿಗೆ 30 ಕನಿಷ್ಠವೆಂದು ಅಮೆರಿಕದ ಪಶ್ವಾಹಾರ ನಿಯಂತ್ರಣಾಧಿಕಾರಿಗಳ ಸಂಘದ ಮಾನದಂಡ. ಮನೆಯ ಮಕ್ಕಳಿಗೆ ಈ ಲೆಕ್ಕವನ್ನು ಒಪ್ಪಿಸಿದರೆ ಗಣಿತಾಭ್ಯಾಸವೂ ಆದೀತು.

ಮಾಂಸವನ್ನು ಮುಟ್ಟದ ಮನೆಗಳಲ್ಲಿ ಇದೊಂದು ಧರ್ಮಸಂಕಟವೆಂಬುದನ್ನು ನಾವು ಬಲ್ಲೆವು, ನಾವೂ ಶಾಕಾಹಾರಿಗಳೇ. ಆದರೆ ಬೆಕ್ಕನ್ನು ಮನೆಗೆ ಕರೆತಂದಾಗಲೇ ಅದರ ಸ್ವಭಾವವನ್ನೂ ಒಪ್ಪಿಕೊಂಡಂತಾಯಿತು. ನಮ್ಮ ವ್ರತವನ್ನು ಮೂಕಪ್ರಾಣಿಯ ಮೇಲೆ ಹೊರಿಸಿ ಅದರ ಕಣ್ಣನ್ನು ಕಳೆದರೆ ಅದು ಅಹಿಂಸೆಯಾಗುವುದು ಹೇಗೆ? ಪೊಟ್ಟಣವನ್ನು ಕತ್ತರಿಸಿ, ಕೈ ಸೋಕದಂತೆ, ಬೇರೆಯಾಗಿಟ್ಟ ಬಟ್ಟಲಿಗೆ ಸುರಿಯಬಹುದು. ಅಷ್ಟೂ ಆಗದೆನ್ನುವವರು ಮೊಲವನ್ನು ಸಾಕುವುದು ಉತ್ತಮ. ಮಾಂಸಾಹಾರಿಗಳ ಮನೆಯಲ್ಲಿಯಾದರೂ ಸಾರಿನ ತುಂಡುಗಳನ್ನು ಹಾಕಕೂಡದು; ಈರುಳ್ಳಿ, ಬೆಳ್ಳುಳ್ಳಿಗಳು ಬೆಕ್ಕಿನ ರಕ್ತವನ್ನು ಕೆಡಿಸತಕ್ಕವು.

ವೆಚ್ಚವು ಹೆಚ್ಚೆಂದು ತೋರಿದರೆ ಒಂದು ಹೊತ್ತು ಹಸಿ ಆಹಾರವನ್ನೂ ಇನ್ನೊಂದು ಹೊತ್ತು ಪೂರ್ಣವಾದ ಒಣ ಆಹಾರವನ್ನೂ ಕೊಡಬಹುದು. ಹೊಸ ಆಹಾರವನ್ನು ಹಳೆಯದರೊಡನೆ ಸ್ವಲ್ಪಸ್ವಲ್ಪವಾಗಿ ಬೆರೆಸಿ ಒಂದು ವಾರದಲ್ಲಿ ರೂಢಿಮಾಡಿಸಬೇಕು. ತೆರೆದ ಪೊಟ್ಟಣವನ್ನು ಮುಚ್ಚಿ ಶೀತಪೆಟ್ಟಿಗೆಯಲ್ಲಿಟ್ಟು ಎರಡು ದಿನಗಳೊಳಗೆ ಮುಗಿಸುವುದು ಯುಕ್ತ. ಹೊಸದನ್ನು ಬೆಕ್ಕು ಮೂಸಿ ಬಿಟ್ಟರೆ, ಹಸಿದಾಗ ತಾನೇ ತಿನ್ನುವುದೆಂದು ಹಟ ಹಿಡಿಯಬಾರದು. ಎರಡು ಮೂರು ದಿನ ಉಪವಾಸ ಬಿದ್ದರೆ, ವಿಶೇಷವಾಗಿ ಸ್ಥೂಲವಾದ ಬೆಕ್ಕಿಗೆ, ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೆ ಸಂಚಕಾರ ಬರಬಹುದು. ಒಂದು ದಿನ ಪೂರ್ತಿ ತಿನ್ನದಿದ್ದರೆ ಪಶುವೈದ್ಯರಿಗೆ ತೋರಿಸಬೇಕು. ಮೂತ್ರಪಿಂಡದ ರೋಗವಿರುವ ಬೆಕ್ಕಿಗೂ ವೈದ್ಯರು ಹೇಳಿದ ಆಹಾರವೇ ಪಥ್ಯ. ಈ ತಿಂಗಳ ಸಾಮಾನಿನ ಪಟ್ಟಿ ಬರೆಯುವ ಮೊದಲು, ಮನೆಯಲ್ಲಿರುವ ಪೊಟ್ಟಣದ ಬೆನ್ನನ್ನು ಒಮ್ಮೆ ತಿರುಗಿಸಿ ಓದಬೇಕೆಂದು ವಾಚಕರಲ್ಲಿ ನಮ್ಮ ವಿಜ್ಞಾಪನೆ.